ಡ್ರಮ್ ಮೀನಿಗೆ ಇಂಗಿನ ಉಂಡೆ

ಆ ವರ್ಷ ನಮ್ಮ ಮನೆಯಲ್ಲಿ ಸಾರಿಗಿಂತ ಹೆಚ್ಚು ಇಂಗು ಮೀನಿಗೆ ಖರ್ಚಾಯಿತು. ಬೆಳಿಗ್ಗೆ ನಾನು ಕಾಫಿ ಸೋಸುವ ಹೊತ್ತಿಗೆ ನನ್ನ ಗಂಡ ದ್ವಾರಕಾನಾಥ ಅಡುಗೆಕಟ್ಟೆಯ ಮೇಲೆ ಗೋಧಿಹಿಟ್ಟು ಹರವಿಕೊಂಡು, ಉಪ್ಪು ಹಾಕಿ, ಧಾರಾಳವಾಗಿ ಇಂಗು ಉದುರಿಸಿ ಗಟ್ಟಿಯಾಗಿ ಕಲಸುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ನನಗಾಗಿ ಒಂದು ಸಲವೂ ಚಪಾತಿ ಹಿಟ್ಟು ಕಲಸಿಕೊಟ್ಟವರಲ್ಲ. ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಮೊಸರಿನ ಖಾಲಿ ಡಬ್ಬಿಗೆ ತುಂಬಿ, ಗಾಳದ ಕೋಲು ಮತ್ತು ಮಡಿಸುವ ಕುರ್ಚಿಯನ್ನು ಕಾರಿಗೆ ಹಾಕಿಕೊಂಡು ಪ್ಲೇನ್‌ಫೀಲ್ಡಿನಿಂದ ನಲವತ್ತು ಮೈಲಿ ದೂರ, ಮಿಶಿಗನ್ ಸರೋವರದ ದಡದ ಮಾಂಟ್ರೋಸ್ ಹಾರ್ಬರಿಗೆ ಹೊರಟುಬಿಡುತ್ತಿದ್ದರು. ಸಂಜೆ ಬರುತ್ತಿದ್ದರು. ಮೀನು ತರುತ್ತಿರಲಿಲ್ಲ.

ತಂದಿದ್ದರೂ ಏನು ಮಾಡುತ್ತಿದ್ದೆವೋ. ನಾವು ಮೊಟ್ಟೆ ಹಾಕಿದ ಕೇಕನ್ನೂ ವಿಚಾರಿಸಿ ದೂರ ತಳ್ಳುವ ಮೈಸೂರಿನ ಮಾಧ್ವರು. ಮೀನಿನ ಅಂಗಡಿ ಕಂಡರೆ ಮೂಗು ಮುಚ್ಚಿಕೊಂಡು ಈಚೆ ಫುಟ್‌ಪಾತಿಗೆ ಬರುವವರು. ಇವರ ಕೈಗೆ ಗಾಳ ಬಂದದ್ದು ರಮೇಶನಿಂದ.

ರಮೇಶ ಮಂಡ್ಯದ ಕಡೆಯ ಹುಡುಗ. ಹುಡುಗ ಅಂತ ನಾನು ಹೇಳುವುದು. ಅವನಿಗೆ ಹೆಂಡತಿ ಲತಾಶ್ರೀ, ಎರಡನೇ ಗ್ರೇಡಿನಲ್ಲಿ ಓದುವ ಮಗಳು ಇಂಚರ ಇದ್ದರು. ಎಲ್ಕ್ ಗ್ರೋವ್ ವಿಲೇಜಿನಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಇವರು ಡಿಸೈನ್ ವಿಭಾಗದ ಮ್ಯಾನೇಜರ್, ಅವನು ಇವರ ಕೆಳಗೆ ಎಂಜಿನಿಯರ್. ಅವನನ್ನು ವೀಸಾ ಮೇಲೆ ಕರೆಸಿಕೊಂಡವರೂ ಇವರೇ. ಆಫೀಸಿನಲ್ಲಿ ಅವನು ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದ, ಇಸ್ತ್ರಿ ಹಾಕಿದ ಕನ್ನಡ. ನೀರಿನ ಹತ್ತಿರ ಹೋದರೆ ಮಾತ್ರ ಅವನ ಊರಿನ ಕನ್ನಡ ಹೊರಗೆ ಬರುತ್ತಿತ್ತು. ಕಾವೇರಿ ನಾಲೆಯಲ್ಲಿ ಮೀನು ಹಿಡಿದು ಬೆಳೆದವನಿಗೆ ಇಲ್ಲಿ ಮಿಶಿಗನ್ ಸರೋವರ ಕಂಡಾಗ ಹುಚ್ಚೇ ಹಿಡಿಯಿತು. ಬೇಸಿಗೆಯ ಶನಿವಾರಗಳಲ್ಲಿ ಇವರನ್ನೂ ಕರೆದುಕೊಂಡು ಹಾರ್ಬರಿಗೆ ಹೋಗುತ್ತಿದ್ದ. ಅವನು ಗಾಳ ಹಾಕುವುದು, ಇವರು ಪಕ್ಕದಲ್ಲಿ ಪೇಪರ್ ಓದುವುದು. ಮೂರು ಬೇಸಿಗೆ ಹೀಗೇ ನಡೆಯಿತು.

ಅವನಿಗೆ ಬೇಕಾಗಿದ್ದದ್ದು ಡ್ರಮ್ ಎಂಬ ಮೀನು. ದಕ್ಷಿಣದ ಕಡಲಿನ ಹಾರ್ಬರುಗಳಲ್ಲಿ ಕೆಂಪು ಡ್ರಮ್ ಅಂತ ಇದೆಯಂತೆ, ಎತ್ತಿದರೆ ಮೂರು ವರ್ಷದ ಮಗುವಿನಷ್ಟು ಭಾರ. ನಮ್ಮ ಸರೋವರದಲ್ಲಿರುವುದು ಅದರ ಬಡ ನೆಂಟ, ಬೂದು ಬಣ್ಣದ್ದು. ರಮೇಶ ಆ ದಕ್ಷಿಣದ ಕಡಲ ದಡದ ಚಾರ್ಲ್ಸ್‌ಟನ್‌ಗೆ ಹೋಗಿ ಆ ಕೆಂಪು ಮೀನನ್ನು ಹಿಡಿಯಬೇಕೆಂದು ಎಲ್ಲ ಸಾಮಾನು ಕೊಂಡಿಟ್ಟಿದ್ದ: ದಪ್ಪ ದಾರ, ಮೊಟ್ಟೆಯಾಕಾರದ ಸೀಸದ ಗುಂಡುಗಳು, ಬಾಯಿ ಒಳಕ್ಕೆ ಬಾಗಿದ ದೊಡ್ಡ ದೊಡ್ಡ ಗಾಳಗಳು. ಆ ಪ್ರವಾಸ ಮುಂದಕ್ಕೆ ಹೋಗುತ್ತಲೇ ಇತ್ತು, ಅಲ್ಲಿಯವರೆಗೆ ಬಡ ನೆಂಟನ ಮೇಲೆ ಅಭ್ಯಾಸ. ಮೂರನೇ ಬೇಸಿಗೆಯಲ್ಲಿ ಒಂದು ದೊಡ್ಡ ಡ್ರಮ್ ದಡದ ಮೆಟ್ಟಿಲ ಬುಡದವರೆಗೆ ಬಂದು ದಾರ ಕಿತ್ತುಕೊಂಡು ಹೋಯಿತಂತೆ. ಆ ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು ಬಿಸಿಬೇಳೆ ಬಾತು ಮುಟ್ಟದೆ ಅದೊಂದೇ ಮಾತು. ಆ ಮೀನನ್ನು ನೀರಿನಿಂದ ಎತ್ತಿದರೆ ಅದು ಮಾತಾಡುತ್ತದೆ, ಹೊಟ್ಟೆಯೊಳಗಿಂದ ಗೊರ್ ಗೊರ್ ಅನ್ನುತ್ತದೆ ಅಂದ. ನಾನು ನಂಬಲಿಲ್ಲ.

ಮೀನಿಗೆ ಗಾಳದಲ್ಲಿ ಸಿಕ್ಕಿಸುವ ತಿನಿಸಿಗೆ ಅವನು ಎರೆ ಅನ್ನುತ್ತಿದ್ದ. ಒಂದು ಶುಕ್ರವಾರ ಡಬ್ಬಿ ತುಂಬ ಎರೆ ತಂದು ನನ್ನ ಫ್ರಿಜ್ಜಿನಲ್ಲಿ ಇಡಲೇ ಅಕ್ಕ ಎಂದು ಕೇಳಿದ. ಮುಚ್ಚಳ ತೆಗೆದರೆ ಏಡಿಗೂ ಸೀಗಡಿಗೂ ನಡುವಿನ ಏನೋ ಒಂದು, ಕ್ರೇಫಿಶ್ ಅಂತೆ, ಮೀಸೆ ಆಡಿಸುತ್ತಿತ್ತು. ದೋಸೆ ಹಿಟ್ಟಿನ ಪಕ್ಕದಲ್ಲಿ ಅದೇ? ಗರಾಜಿನಲ್ಲಿ ಐಸ್ ಹಾಕಿ ಇಟ್ಟುಕೊಳ್ಳಪ್ಪ ಅಂದೆ. ಆಗ ಯಾರು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಆಮೇಲೆ 2009 ಬಂತು. ಡೆಟ್ರಾಯಿಟಿನ ಕಾರು ಕಂಪನಿಗಳು ತತ್ತರಿಸಿದವು, ಇವರ ಫ್ಯಾಕ್ಟರಿಗೆ ಆರ್ಡರ್ ನಿಂತಿತು. ಚಳಿಗಾಲ ಮುಗಿಯುವ ಮೊದಲೇ ರಮೇಶನ ಕೆಲಸ ಹೋಯಿತು. ವೀಸಾದವನಿಗೆ ಕೆಲಸ ಹೋದರೆ ದೇಶವೂ ಹೋದ ಹಾಗೆ. ಮನೆ ಸಾಮಾನು ಹಂಚಿ, ಲೆಮಾಂಟಿನ ದೇವಸ್ಥಾನದಲ್ಲಿ ಒಂದು ನಮಸ್ಕಾರ ಹಾಕಿ, ಅವರು ಹೊರಟರು. ಏರ್‌ಪೋರ್ಟಿಗೆ ಕರೆದುಕೊಂಡು ಹೋದವರು ನಾವೇ. ಇಂಚರ ಕಾರಿನಿಂದ ಇಳಿದು ಇವರ ಕೈ ಹಿಡಿದು, "ಸೀ ಯು ನೆಕ್ಸ್ಟ್ ಸಮ್ಮರ್, ತಾತಾ" ಅಂದಳು. ಲತಾಶ್ರೀ ಮುಖ ತಿರುಗಿಸಿಕೊಂಡಳು. ರಮೇಶ ಡಿಕ್ಕಿಯಿಂದ ತನ್ನ ಸೂಟ್‌ಕೇಸುಗಳನ್ನು ಮಾತ್ರ ಇಳಿಸಿಕೊಂಡ. ಗಾಳದ ಕೋಲು, ಸಾಮಾನಿನ ಪೆಟ್ಟಿಗೆ ಅಲ್ಲೇ ಬಿಟ್ಟ.

"ಇವು ನಿಮ್ಮ ಹತ್ರ ಇರ್ಲಿ ಸಾರ್," ಅಂದ. "ಆ ಡ್ರಮ್ ಸಿಕ್ಕಿದ ದಿನ ನಂಗೆ ಫೋನ್ ಮಾಡಿ. ಅಲ್ಲೀವರೆಗೆ ಬೇಡ."

ಇವರು ತಲೆಯಾಡಿಸಿದರು. ಆರು ವಾರಕ್ಕೆ ಇವರ ವಿಭಾಗವನ್ನೇ ಮುಚ್ಚಿದರು.

ಕೆಲಸ ಹೋದವರು ಬೈಯುತ್ತಾರೆ, ಕುಡಿಯುತ್ತಾರೆ, ಅಳುತ್ತಾರೆ, ಕಂಡಕಂಡವರಿಗೆ ರೆಸ್ಯೂಮೆ ಕಳಿಸುತ್ತಾರೆ. ಇವರು ಏನೂ ಮಾಡಲಿಲ್ಲ. ದಂತವೈದ್ಯರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗಾದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಉಪ್ಪಿಲ್ಲದ ಪಲ್ಯವನ್ನೂ ತಿಂದು ಏಳುತ್ತಿದ್ದರು. ಒಂದು ಸಲ ಬೇಕೆಂದೇ ಉಪ್ಪು ಬಿಟ್ಟು ನೋಡಿದೆ. ಕ್ಯಾಲಿಫೋರ್ನಿಯಾದಿಂದ ಮಗ ಸುಶ್ರುತ ಫೋನ್ ಮಾಡಿ ಎಲ್ಲೆಲ್ಲಿ ಅಪ್ಲೈ ಮಾಡಿದ್ದೀರಿ ಅಂತ ಇಂಗ್ಲಿಷಿನಲ್ಲಿ ಕೇಳಿದರೆ, ನೋಡೋಣ ಅನ್ನುತ್ತಿದ್ದರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು. ಮನೆಗೆ ಬಂದರೆ ಚುಚ್ಚಿದರೂ ರಕ್ತ ಬಾರದ ಮನುಷ್ಯ. ನನಗೂ ಬರಬರುತ್ತಾ ಏನೂ ಅನ್ನಿಸದ ಹಾಗಾಯಿತು. ಟೀವಿ ಹಾಕಿಕೊಂಡು ಇಬ್ಬರೂ ಜಾಹೀರಾತನ್ನೂ ಬಿಡದೆ ನೋಡುತ್ತಿದ್ದೆವು.

ಮೇ ತಿಂಗಳಲ್ಲಿ ಒಂದು ದಿನ ಎದ್ದವರೇ ಹಿಟ್ಟು ಕಲಸಿದರು. ನಾಲೆಯ ಮೀನಿಗೆ ರಾಗಿಮುದ್ದೆಗೆ ಇಂಗು ಬೆರೆಸಿ ಹಾಕುತ್ತಿದ್ದೆವು ಎಂದು ರಮೇಶ ಯಾವಾಗಲೋ ಹೇಳಿದ್ದನಂತೆ. ರಾಗಿ ಇರಲಿಲ್ಲ, ಗೋಧಿ ಸಾಕು ಅಂದರು. ನನಗೆ ಒಳಗೇ ಸಮಾಧಾನವಾಯಿತು. ಇವರು ಮೀನು ಹಿಡಿಯುತ್ತಾರೆ, ಫೋನ್ ಮಾಡುತ್ತಾರೆ, ಆ ಹುಡುಗನ ದನಿ ಕೇಳಿದರೆ ಇವರೂ ಬಾಯಿ ಬಿಡುತ್ತಾರೆ ಅಂದುಕೊಂಡೆ. ಆ ಒಂದು ಫೋನಿಗಾಗಿ ಮೀನೊಂದು ಸಿಕ್ಕಲಿ ಎಂದು ರಾಯರಿಗೆ ತುಪ್ಪದ ದೀಪ ಹಚ್ಚಿದೆ. ಮಂತ್ರಾಲಯದ ರಾಯರನ್ನು ಮೀನು ಹಿಡಿಸಿಕೊಡಿ ಅಂತ ಕೇಳಿದವಳು ನಾನೊಬ್ಬಳೇ ಇರಬೇಕು.

ಜೂನ್ ಕಳೆಯಿತು. ಡಬ್ಬಿಗಟ್ಟಲೆ ಉಂಡೆ ಹೋದವು, ಏನೂ ಬರಲಿಲ್ಲ. ಒಂದು ಸೋಮವಾರ ನನಗೆ ರಜೆ ಇತ್ತು, ನಾನೂ ಬರುತ್ತೇನೆ ಅಂದೆ. ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಹಾರ್ಬರಿನ ಅಂಚಿಗೆ ನೀರಿನತ್ತ ಇಳಿಯುವ ಕಾಂಕ್ರೀಟಿನ ಮೆಟ್ಟಿಲುಗಳಿವೆ. ದೋಣಿಗಳು ಸಾಲಾಗಿ ನಿಂತಿದ್ದವು, ಅರ್ಧಕ್ಕರ್ಧ 'ಮಾರಾಟಕ್ಕಿದೆ' ಎಂಬ ಬೋರ್ಡು ಹೊತ್ತಿದ್ದವು. ಮೆಟ್ಟಿಲ ಮೇಲೆ ಉದ್ದಕ್ಕೂ ಗಂಡಸರು ಗಾಳ ಹಾಕಿ ಕೂತಿದ್ದರು. ಕೆಲಸದ ದಿನ ಎಲ್ಲಿರಬೇಕಿತ್ತೋ ಅಲ್ಲಿ ಇಲ್ಲದ ಗಂಡಸರು ಎಷ್ಟು ಜನ ಇದ್ದಾರೆ ಎಂಬುದು ನನಗೆ ಅಲ್ಲಿ ಗೊತ್ತಾಯಿತು. ಇವರು ತಮ್ಮ ಜಾಗದಲ್ಲಿ ಕುರ್ಚಿ ಬಿಡಿಸಿ, ದಾರಕ್ಕೆ ಸೀಸ ಪೋಣಿಸಿ, ಗಂಟು ಹಾಕಿ, ದೊಡ್ಡ ಗಾಳಕ್ಕೆ ಉಂಡೆ ಮೆತ್ತಿ ಎಸೆದರು. ಕೈ ಚೆನ್ನಾಗಿ ಪಳಗಿತ್ತು. ಎಸೆದು ಪೇಪರ್ ತೆಗೆದರು. ಅದೇ ಪುಟವನ್ನು ಒಂದು ಗಂಟೆ ಓದಿದರು.

ಅತ್ತಿತ್ತ ಇದ್ದವರಿಗೆ ಮೀನು ಬೀಳುತ್ತಿತ್ತು. ನಾನು ಸುಮ್ಮನೆ ಕೂರುವವಳಲ್ಲ, ಎದ್ದು ಹೋಗಿ ನೋಡಿದೆ. ಡ್ರಮ್ಮಿಗೆ ಕೂತವರ ಡಬ್ಬಿಯಲ್ಲೆಲ್ಲ ಅದೇ, ಮೀಸೆ ಆಡಿಸುವ ಕ್ರೇಫಿಶ್. ಹಿಟ್ಟು ತಂದವರು ಒಬ್ಬರೂ ಇಲ್ಲ. ವಾಪಸು ಬಂದು ಇವರ ಕೈಯಿಂದ ಪೇಪರ್ ಕಿತ್ತುಕೊಂಡೆ.

"ಏನ್ರೀ, ಈ ಮೀನು ಹಿಟ್ಟು ತಿನ್ನತ್ತಾ?"

ಇವರು ನೀರನ್ನೇ ನೋಡುತ್ತಿದ್ದರು. "ತಿನ್ನಲ್ಲ," ಅಂದರು.

"ಗೊತ್ತಿತ್ತಾ ನಿಮಗೆ?"

"ಗೊತ್ತು. ಮೂರು ವರ್ಷ ನೋಡಿದೀನಲ್ಲ. ಅದಕ್ಕೆ ಚಿಪ್ಪಿನ ಪ್ರಾಣಿನೇ ಬೇಕು."

ಜೀವಹತ್ಯೆಗೆ ಹೆದರಿ ಹೀಗೆ ಮಾಡಿದ್ದಾರೆ ಎಂದುಕೊಂಡೆ. ಹಾಗಿದ್ದರೆ ಇದೇನು ನಾಟಕ, ಮನೆಯಲ್ಲೇ ಕೂತು ರಾಮಜಪ ಮಾಡಬಹುದಿತ್ತಲ್ಲ ಎಂದು ರೇಗಿದೆ. ಇವರು ಒಂದು ಹಾಯಿದೋಣಿ ಹಾರ್ಬರಿನ ಬಾಯಿ ದಾಟಿ ಹೋಗುವವರೆಗೂ ನೋಡಿದರು. ಆಮೇಲೆ ಅಂದರು:

"ಸಿಕ್ಕಿಬಿಟ್ರೆ ಫೋನ್ ಮಾಡ್ಬೇಕಾಗತ್ತಲ್ಲೇ, ವತ್ಸಲಾ."

ಅಷ್ಟಾದ ಮೇಲೆ ಉಳಿದದ್ದು ತುಂಡು ತುಂಡಾಗಿ ಬಂತು. ಫೆಬ್ರವರಿಯಲ್ಲಿ ಮೇಲಿನವರು ಇವರನ್ನು ಕರೆದು ಮೂವರು ಎಂಜಿನಿಯರುಗಳಲ್ಲಿ ಕೆಲಸದಿಂದ ತೆಗೆಯಲು ಒಬ್ಬರ ಹೆಸರು ಹೇಳು ಅಂದಿದ್ದರು. ಮೂವರಲ್ಲಿ ರಮೇಶನೇ ಚುರುಕು, ಅದು ಎಲ್ಲರಿಗೂ ಗೊತ್ತು. ಆದರೆ ಅವನು ನಮ್ಮ ಮನೆಯಲ್ಲಿ ಊಟ ಮಾಡುವವನು, ಇವರು ಕರೆಸಿಕೊಂಡವನು, ಕನ್ನಡದವನು. ನಮ್ಮವನು ಅಂತ ಉಳಿಸಿಕೊಂಡ ಎಂದು ನಾಳೆ ಯಾರೂ ಬೆರಳು ತೋರಿಸಬಾರದು ಎಂದು ಇವರು ಅವನ ಹೆಸರನ್ನೇ ಕೊಟ್ಟರು. ಕೇಳಿದ ಕೂಡಲೇ ಕೊಟ್ಟರಂತೆ, ಯೋಚಿಸಲು ಒಂದು ದಿನವನ್ನೂ ತೆಗೆದುಕೊಳ್ಳದೆ. ಮೇಲಿನವರು ಭೇಷ್ ಅಂದರಂತೆ. ರಮೇಶನಿಗೆ ಮಾತ್ರ ಇದು ಮೇಲಿನಿಂದ ಬಂದ ತೀರ್ಮಾನ, ನನ್ನ ಕೈಯಲ್ಲಿ ಏನೂ ಇರಲಿಲ್ಲ ಎಂದು ಹೇಳಿದರು.

"ಅವನು ನನ್ನ ಕೈ ಹಿಡ್ಕೊಂಡು ಪರವಾಗಿಲ್ಲ ಸಾರ್ ಅಂದ ಕಣೇ," ಅಂದರು ಇವರು. ಮುಖದಲ್ಲಿ ಏನೂ ಇರಲಿಲ್ಲ. ಹವಾಮಾನ ವರದಿ ಓದಿದ ಹಾಗೆ ಹೇಳಿದರು.

ನನಗೆ ಸಿಟ್ಟು ಬಂತು. ತಿಂಗಳುಗಳ ನಂತರ ಬಂದ ಸಿಟ್ಟು, ಕಿವಿಯವರೆಗೆ ಬಿಸಿಯಾಯಿತು. ನ್ಯಾಯವಂತ ಅನ್ನಿಸಿಕೊಳ್ಳಲಿಕ್ಕೆ ಮನೆಯವನನ್ನೇ ಬಲಿ ಕೊಡುವುದು ನಮ್ಮ ಜನಕ್ಕೆ ಮಾತ್ರ ಹೊಳೆಯುವ ಬುದ್ಧಿ. ಇವರ ತಂದೆ ಹೆಡ್‌ಮಾಸ್ಟರಾಗಿದ್ದಾಗ ಸ್ವಂತ ಮಗನಿಗೆ ಎಲ್ಲರಿಗಿಂತ ಎರಡೇಟು ಹೆಚ್ಚು ಹೊಡೆಯುತ್ತಿದ್ದರಂತೆ, ಅದನ್ನು ಇವರು ಹೆಮ್ಮೆಯಿಂದಲೇ ಹೇಳುವುದು. ಬೈಯಬೇಕು ಅಂತ ಬಾಯಿ ತೆರೆದೆ. ಇವರ ಬೆರಳುಗಳಲ್ಲಿ ಒಣಗಿ ಅಂಟಿಕೊಂಡಿದ್ದ ಹಿಟ್ಟು ಕಂಡಿತು. ಬೈಯಲಿಲ್ಲ.

ಎದ್ದು ಹಾರ್ಬರಿನ ಪಕ್ಕದ ಪಾರ್ಕಿನ ತುದಿಯಲ್ಲಿದ್ದ ಎರೆಯ ಅಂಗಡಿಗೆ ನಡೆದೆ. ಜೀನ್ಸ್ ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು ಹೋದ ನನ್ನನ್ನು ನೋಡಿ ಅಂಗಡಿಯವಳು ಬಾತ್‌ರೂಮ್ ಹಿಂದೆ ಇದೆ ಅಂದಳು. ಡ್ರಮ್ಮಿಗೆ ಬೇಕಾದ ಕ್ರೇಫಿಶ್ ಕೊಡು ಅಂದೆ. ಕಾಗದದ ಡಬ್ಬಿಯಲ್ಲಿ ಒದ್ದೆ ಹುಲ್ಲಿನ ನಡುವೆ ಹಾಕಿ ಕೊಟ್ಟಳು. ನಡೆಯುವಾಗ ಡಬ್ಬಿಯೊಳಗೆ ಕರಕರ ಶಬ್ದ. ಮೈ ಜುಮ್ಮೆಂದಿತು, ಆದರೂ ಕೆಳಗೆ ಹಾಕಲಿಲ್ಲ.

ಇವರ ಮುಂದೆ ಇಟ್ಟೆ. ಇವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಕೈ ಚಾಚಲಿಲ್ಲ. ಕೋಲನ್ನು ನಾನೇ ಎಳೆದುಕೊಂಡೆ. ಸೂಜಿ ನನಗೆ ಹೊಸದಲ್ಲ, ಹುಡುಕಿದರೆ ಎಂಥ ನರವೂ ಸಿಗುತ್ತದೆ. ಆದರೆ ಕೂಗಲಾರದ ಪ್ರಾಣಿಗೆ ಚುಚ್ಚಿದ್ದು ಅದೇ ಮೊದಲು.

"ಬಾಲದ ಕೆಳಗಿಂದ," ಅಂದರು ಇವರು, ಕುರ್ಚಿಯಲ್ಲಿ ಕೂತೇ. "ಮೇಲಕ್ಕೆ ಬರೋ ಹಾಗೆ. ತಲೆಗೆ ಚುಚ್ಚಿದ್ರೆ ಸತ್ತುಹೋಗತ್ತೆ ಅಂತಿದ್ದ ರಮೇಶ."

ರಾಯರೇ ಕ್ಷಮಿಸಪ್ಪ ಅಂತ ಚುಚ್ಚಿದೆ. ಆ ದಿನ ಸಣ್ಣ ಮೀನುಗಳು ಎರೆಯನ್ನು ಚೂರು ಚೂರು ಮಾಡಿ ತಿಂದವು, ಬೇರೇನೂ ಆಗಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಉಳಿದ ಕ್ರೇಫಿಶ್‌ಗಳನ್ನು ಗರಾಜಿನಲ್ಲಿ ಇಟ್ಟೆ. ಮಾರನೆಯ ದಿನ ಬಿಸಿಲು ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತು, ಅವು ಸಾಯುತ್ತವೆ ಅನ್ನಿಸಿ ಡಬ್ಬಿಯನ್ನು ಫ್ರಿಜ್ಜಿನ ಕೆಳಗಿನ ಖಾನೆಗೆ ತಂದಿಟ್ಟೆ. ದೋಸೆ ಹಿಟ್ಟನ್ನು ಮೇಲಿನ ಖಾನೆಗೆ ಎತ್ತಿಟ್ಟೆ. ಇವರು ಹಾಲು ತೆಗೆಯಲು ಹೋದವರು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಸುಮಾರು ಹೊತ್ತು ಅಲ್ಲೇ ನಿಂತಿದ್ದರು. ಆ ವಾರ ಹಿಟ್ಟು ಕಲಸಲಿಲ್ಲ, ಹಾರ್ಬರಿಗೂ ಹೋಗಲಿಲ್ಲ.

ಮುಂದಿನ ಶನಿವಾರ ಮೊದಲು ಕಾರಿನಲ್ಲಿ ಕೂತವರು ಇವರೇ.

ಬಿಸಿಲು ಏರುವ ಹೊತ್ತಿಗೆ ದಾರ ಒಮ್ಮೆ ಬಿಗಿಯಾಯಿತು, ಸಡಿಲವಾಯಿತು, ಆಮೇಲೆ ಕೋಲಿನ ತುದಿ ನಿಧಾನವಾಗಿ ಬಾಗುತ್ತಲೇ ಹೋಯಿತು. ನಾನು ಎಳೀರಿ ಅಂತ ಕಿರುಚಿದೆ. ಇವರು ಎಳೆಯಲಿಲ್ಲ. ಈ ದುಂಡು ಗಾಳಕ್ಕೆ ಎಳೆಯಬಾರದು, ಸುಮ್ಮನೆ ಸುತ್ತುತ್ತಾ ಬಂದರೆ ತಾನಾಗಿ ತುಟಿಗೆ ಸಿಕ್ಕುತ್ತದೆ ಎಂದು ರಮೇಶ ಹೇಳುತ್ತಿದ್ದನಂತೆ. ಹಾಗೇ ಸುತ್ತಿದರು. ದಾರ ಹೊರಗೆ ಓಡಿತು, ಒಳಗೆ ಬಂತು, ಮತ್ತೆ ಓಡಿತು. ಕೆಂಪು ಡ್ರಮ್ಮಿಗೆಂದು ತಂದಿದ್ದ ದಪ್ಪ ದಾರ, ಈ ಸಲ ಕಿತ್ತುಹೋಗಲಿಲ್ಲ. ಕೊನೆಗೆ ಮೆಟ್ಟಿಲ ಬುಡದಲ್ಲಿ ಬೂದು ಬಣ್ಣದ ದೊಡ್ಡ ಬೆನ್ನು ಕಂಡಿತು, ನಾನು ರಮೇಶನ ಸಾಮಾನಿನಲ್ಲಿದ್ದ ಕೈಬಲೆ ಕೊಟ್ಟೆ, ಇವರು ಮೆಟ್ಟಿಲಿಳಿದು ಎತ್ತಿದರು. ಒದ್ದೆ ಟವೆಲಿನಲ್ಲಿ ಎರಡೂ ತೋಳಿಗೆ ತೆಗೆದುಕೊಂಡರು, ಬಾಣಂತಿಯ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವ ಹಾಗೆ. ಪಕ್ಕದ ಗಂಡಸರು ಚಪ್ಪಾಳೆ ತಟ್ಟಿದರು.

ಇವರು ನಗಲಿಲ್ಲ. ಬಿಳಿಚಿಕೊಂಡು ನನ್ನ ಮುಖ ನೋಡಿದರು.

ಬೇಕಾದರೆ ನೀರಿಗೆ ಹಾಕಿ ಏನೂ ಆಗಲಿಲ್ಲ ಅನ್ನುವ ಹಾಗೆ ಮನೆಗೆ ಹೋಗಬಹುದಿತ್ತು. ಆ ಫೋನಿನ ಮಾತು ಗೊತ್ತಿದ್ದವಳು ನಾನೊಬ್ಬಳೇ. ಲತಾಶ್ರೀ ಕಳಿಸಿದ್ದ ನಂಬರು ನನ್ನ ಹತ್ತಿರವೇ ಇತ್ತು. ಊರಿಗೆ ಮಾತಾಡಲು ಇಟ್ಟುಕೊಂಡಿದ್ದ ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರು ಒತ್ತಿ, ಆಮೇಲೆ ಮಂಡ್ಯದ ನಂಬರು ಒತ್ತಿ, ಸ್ಪೀಕರ್ ಹಾಕಿ ಇವರ ಮುಖದ ಹತ್ತಿರ ಹಿಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ತಟ್ಟೆಯ ಸದ್ದು ಕೇಳಿತು, ಆಮೇಲೆ ರಮೇಶನ ಹಲೋ.

ಇವರು ಬಾಯಿ ತೆರೆದರು. ದನಿ ಬರಲಿಲ್ಲ. ಹಲೋ, ಯಾರು, ಅಂದ ರಮೇಶ.  ಆಗ ಟವೆಲಿನೊಳಗಿಂದ ಆ ಮೀನು ಗೊರ್ ಅಂದಿತು. ನಿಜವಾಗಿಯೂ ಅಂದಿತು, ಹೊಟ್ಟೆಯ ಆಳದಿಂದ, ಮತ್ತೆ ಮತ್ತೆ.

ಆ ಕಡೆ ತಟ್ಟೆಯ ಸದ್ದು ನಿಂತಿತು.

"ಸಾರ್, ನೀವಾ?" ಅಂದ ರಮೇಶ. ಅವನ ದನಿ ಬದಲಾಗಿತ್ತು, ನೀರಿನ ಹತ್ತಿರದ ಕನ್ನಡ ಬಂದಿತ್ತು. "ಮೊದ್ಲು ಮೀನ ನೀರಿಗೆ ಬುಡಿ ಸಾರ್, ಉಸ್ರು ಕಟ್ತದೆ ಅದ್ಕೆ. ನಾನು ಫೋನ್ ಮಡಗಕಿಲ್ಲ."

ಇವರು ಗಾಳ ಬಿಡಿಸಿ, ಕೊನೆಯ ಮೆಟ್ಟಿಲಿನಲ್ಲಿ ಮಂಡಿಯೂರಿ, ಪ್ಯಾಂಟು ನೆನೆಯುವುದನ್ನೂ ನೋಡದೆ ಮೀನನ್ನು ನೀರಿನಲ್ಲಿ ಹಿಡಿದುಕೊಂಡರು. ಅದು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಬಾಲ ಬಡಿದು, ಹೋಯಿತು. ಇವರು ಮೇಲೆ ಬಂದು ಒದ್ದೆ ಕೈಯಲ್ಲೇ ಫೋನ್ ತೆಗೆದುಕೊಂಡರು.

"ರಮೇಶ, ನಿನ್ನ ಹೆಸರು ಕೊಟ್ಟಿದ್ದು ನಾನೇ ಕಣೋ. ಮೇಲಿನವರಲ್ಲ."

"ಗೊತ್ತು ಸಾರ್."

ಎಲ್ಲೋ ದೋಣಿಯ ಹಗ್ಗ ಕಂಬಕ್ಕೆ ಟಿಣ್ ಟಿಣ್ ಎಂದು ಬಡಿಯುತ್ತಿತ್ತು.

"ಅವತ್ತು ನಿಮ್ಮ ಮುಖ ನೋಡ್ದಾಗ್ಲೇ ಗೊತ್ತಾಯ್ತು," ಅಂದ ರಮೇಶ. "ಎರೆ ಮುಟ್ದಿರೋ ನಿಮ್ಮ ಕೈಗೆ ಡ್ರಮ್ಮು ಬೇಗ ಬೀಳಕಿಲ್ಲ ಅಂತಾನೂ ಗೊತ್ತಿತ್ತು. ಅದ್ಕೇ ಏರ್‌ಪೋರ್ಟಲ್ಲಿ ಹಂಗಂದೆ. ಅಲ್ಲೀಗಂಟ ನಿಮ್ಮ ಕೂಡ ಮಾತಾಡಕ್ಕೆ ನಂಗೂ ಆಯ್ತಿರ್ಲಿಲ್ಲ."

ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. ಭುಜ ಅಲುಗತೊಡಗಿತು. ತಿಂಗಳುಗಳಿಂದ ನಾನು ಕಾಯುತ್ತಿದ್ದ ಅಳು ಬಂದಾಗ ನನಗೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ, ನನಗೂ ಅಳು ಬಂತು, ಅಷ್ಟೆ.  ರಮೇಶ ಫೋನ್ ಇಡಲಿಲ್ಲ. ಕಾರ್ಡಿನ ನಿಮಿಷಗಳು ಹಾಗೇ ಹೋಗುತ್ತಿದ್ದವು.

ಕೊನೆಗೆ ಅವನೇ ಕೇಳಿದ, ತೂಕ ಎಷ್ಟಿತ್ತು ಅಂತ. ಇವರು ಮೂಗು ಒರೆಸಿಕೊಂಡು, ತೂಗಲಿಲ್ಲ ಕಣಪ್ಪ, ಮರೆತೇಹೋಯಿತು ಅಂದರು.

"ಹಂಗಾರೆ ಇದು ಲೆಕ್ಕಕ್ಕಿಲ್ಲ ಸಾರ್," ಅಂದ ರಮೇಶ. "ಇನ್ನೊಂದು ಹಿಡ್ದು, ತೂಗಿ, ಫೋನ್ ಮಾಡಿ."

ಇವರು ನನ್ನ ಕಡೆ ತಿರುಗಿದರು. ನಾನು ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಇನ್ನೂ ಮೂರು ಕ್ರೇಫಿಶ್ ಇದ್ದವು.